ಎರ್ಮೆಕನ ಹನ್ನೊಂದು ಕಾಗದಗಳು

ಕೊಕ್-ಜಾರ್, ಕೆಳಗಿನ ಬೀದಿ
೯ ಏಪ್ರಿಲ್ ೨೦೦೩, ಬುಧವಾರ ಮಧ್ಯಾಹ್ನ

ಅಕ್ಕನಂಥ ಗುರು ಜುರಾಕನ್ ಎಜೆಗೆ ನಿಮ್ಮ ಶಿಷ್ಯೆ ಬುರುಲ್ ಮಾಡುವ ಸಲಾಮು.

ಎಜೆ, ಕಳೆದ ಏಪ್ರಿಲಿನಿಂದ ನಿಮ್ಮ ಮಗ ಎರ್ಮೆಕ್ ಅಣ್ಣನ ಹೆಸರಿನಲ್ಲಿ ನಿಮಗೆ ಬಂದ ಹನ್ನೊಂದು ಕಾಗದಗಳನ್ನು ಬರೆದವಳು ನಾನು. ನಮ್ಮ ಕೊಟ್ಟಿಗೆಯ ಹಿಂದಿನ ಹೊಗೆ ಕೋಣೆಯಲ್ಲಿ, ಬಾರ್ಲಿ ಮೂಟೆಯ ಮೇಲೆ ಹಲಗೆ ಇಟ್ಟುಕೊಂಡು, ಅವನ ಅಕ್ಷರದ ಓರೆಯನ್ನು ನೋಡಿ ನೋಡಿ ಬರೆದೆ. ಹನ್ನೊಂದರಲ್ಲಿ ಒಂದು ಸಾಲೂ ಅವನದಲ್ಲ.

ಹಿರಿಯರು ಬರೆಸಿದರು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನೀವೇ ನನಗೆ ನೂರು ಸಲ ಹೇಳಿದ್ದೀರಿ: "ಮೊದ್ಲು ಕರ್ತೃ ಹುಡುಕು. ಮಾಡಿದ್ದು ಯಾರು, ಒಬ್ರೋ ಹಲವರೋ, ಅದು ಗೊತ್ತಾಗೋ ತನಕ ಕ್ರಿಯಾಪದ ಮುಟ್ಬೇಡ." ಹುಡುಕಿದೆ. ಹೇಳಿದವರು ಹಲವರು, ಬರೆದವಳು ಒಬ್ಬಳು.

ಭಾನುವಾರ ನೀವು ನನ್ನಿಂದ ಕೇಳಿದ್ದು ಒಂದೇ ವಾಕ್ಯ. ಅದನ್ನು ಹೇಳದೆ, ಹಿಂಬದಿ ಮಡಚಿದ ಬೂಟಿನಲ್ಲೇ ಕಾಲು ತೂರಿಸಿಕೊಂಡು ಓಡಿಬಂದೆ. ಆ ವಾಕ್ಯ ಈ ಕಾಗದದಲ್ಲಿದೆ. ಅದನ್ನು ಬರೆಯದೆ ಸಹಿ ಹಾಕುವುದಿಲ್ಲ ಎಂದು ನಿರ್ಧರಿಸಿಯೇ ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ಕೈ ಬರುತ್ತಿಲ್ಲ. ಸ್ವಲ್ಪ ಸುತ್ತಿಕೊಂಡು ಬರಲು ಬಿಡಿ.

ನಾನು ಶಾಲೆ ಬಿಟ್ಟ ದಿನ ನಿಮಗೆ ನೆನಪಿರಲೇಬೇಕು. ಒಂಬತ್ತನೇ ತರಗತಿ. ನಾರಿನ್ ಪಟ್ಟಣದಿಂದ ಇನ್‌ಸ್ಪೆಕ್ಟರು ಬಂದಿದ್ದರು. ನೀವು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಇಪ್ಪತ್ತು ವಾಕ್ಯ ಬರೆದಿರಿ. ಕುರಿಗಳು, ಕುರುಬ, ಅವನ ನಾಯಿ, ಅವನ ಹೆಂಡತಿಯರು ಎಂದು ಏನೇನೋ. ಖಾಲಿ ಬಿಟ್ಟ ಜಾಗದಲ್ಲಿ ಕ್ರಿಯಾಪದ ತುಂಬಬೇಕು, ಏಕವಚನಕ್ಕೆ ಒಂದು ರೂಪ, ಬಹುವಚನಕ್ಕೆ ಇನ್ನೊಂದು. ಕುರಿ ಕಾಯುವ ಮನೆಯ ಮಕ್ಕಳೆಲ್ಲ ಒಂದೂ ತಪ್ಪದೆ ತುಂಬಿಬಿಟ್ಟರು. ಇನ್‌ಸ್ಪೆಕ್ಟರು ಖುಷಿಯಾಗಿ ನನ್ನನ್ನು ಎಬ್ಬಿಸಿ, ಇಷ್ಟು ಚೆನ್ನಾಗಿ ಹೇಗೆ ಕಲಿತೆ ಮಗಳೇ ಎಂದರು.

"ಹೋದ ವಾರಾನೇ ಕೊಟ್ಟಿದ್ರು, ಬಾಯಿಪಾಠ ಮಾಡಿದೀವಿ," ಎಂದೆ. "ಇಪ್ಪತ್ತೊಂದನೇದು ಕೇಳಿ ನೋಡಿ, ಒಬ್ರಿಗೂ ಬರಲ್ಲ."

ಅಂದು ನಿಮ್ಮ ಮೂವತ್ತನಾಲ್ಕು ವರ್ಷದ ಪಾಠಕ್ಕೆ ಬರಬೇಕಿದ್ದ ಪದಕ ಬರಲಿಲ್ಲ. ಹೆಡ್‌ಮಾಸ್ತರು ಕ್ಷಮೆ ಕೇಳು ಎಂದರು. ಸುಳ್ಳು ಹೇಳಿದ್ದರೆ ಕೇಳುತ್ತಿದ್ದೆ, ಹೇಳಿರಲಿಲ್ಲ, ಕೇಳಲಿಲ್ಲ. ಹಾಗಾದರೆ ನಾಳೆಯಿಂದ ಬರಬೇಡ ಎಂದರು. ಹೋಗಲಿಲ್ಲ. ಅಪ್ಪ ಕುದುರೆಯ ಲಗಾಮು ತೆಗೆದುಕೊಂಡು ಎರಡು ಬಿಟ್ಟ. "ಕುದುರೆಗೆ ಕಡಿವಾಣ ಹಾಕ್ತೀನಿ, ಎತ್ತಿಗೆ ಮೂಗುದಾರ ಹಾಕ್ತೀನಿ, ಈ ಹುಡುಗಿ ನಾಲಿಗೆಗೆ ಏನು ಹಾಕ್ಲಿ?" ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದ.

ಮೂರನೇ ದಿನ ನೀವು ಬಂದಿರಿ. ನಾನು ಹಸು ಕರೆಯುತ್ತಿದ್ದೆ. ನಿಮ್ಮನ್ನು ಕಂಡು ಎದ್ದು ನಿಲ್ಲಲೂ ಆಗದೆ, ಕೆಚ್ಚಲು ಬಿಡಲೂ ಆಗದೆ ಕೂತಿದ್ದೆ. ನೀವು ಮೇವಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು, "ಇಪ್ಪತ್ತೊಂದನೇ ವಾಕ್ಯ ತಂದಿದೀನಿ," ಎಂದಿರಿ.

ಅಂದಿನಿಂದ ನಾಲ್ಕು ವರ್ಷ, ಪ್ರತಿ ಗುರುವಾರ. ನನಗೆ ಬಂದ ವಿದ್ಯೆ ಅಷ್ಟೇ. ನನ್ನ ತಪ್ಪೂ ಒಂದೇ, ಅದು ಎಂದೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಹಲವರು ಬಂದಾಗ ನಾಮಪದದ ಬಾಲಕ್ಕೆ ಒಂದು ಎಸ್ ಹಚ್ಚುತ್ತಾರಲ್ಲ, ಕ್ರಿಯಾಪದಕ್ಕೂ ಹಚ್ಚಿಬಿಡುತ್ತಿದ್ದೆ, ಒಬ್ಬರೇ ಇದ್ದಾಗ ಎರಡಕ್ಕೂ ಬಿಟ್ಟುಬಿಡುತ್ತಿದ್ದೆ. ನೀವು ಹೇಳುತ್ತಿದ್ದಿರಿ, ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಇಬ್ಬರಿಗೂ ಸೇರಿ ಒಂದೇ ಟೋಪಿ. ನಾಮಪದ ಹಾಕಿಕೊಂಡು ಹೊರಟರೆ ಕ್ರಿಯಾಪದ ಬರಿತಲೆ. ನಾಮಪದ ಬರಿತಲೆಯಲ್ಲಿದ್ದರೆ ಕ್ರಿಯಾಪದಕ್ಕೆ ಟೋಪಿ.

"ಇದು ಅನ್ಯಾಯ ಎಜೆ," ಎನ್ನುತ್ತಿದ್ದೆ. "ಬಹಳ ಜನ ಓಡಿದ್ರೆ ಓಟಾನೂ ಬಹಳ ಆಗ್ಬೇಕಲ್ವಾ?"

"ಇಂಗ್ಲಿಷ್‌ನವರ ಹತ್ರ ನ್ಯಾಯ ಕೇಳೋಕೆ ಹೋಗ್ಬೇಡ. ಟೋಪಿ ಕೇಳು, ಕೊಡ್ತಾರೆ."

"ಮತ್ತೆ ನಾನು ಅನ್ನೋಳು ಒಬ್ಳೇ ಅಲ್ವಾ? ಅಲ್ಲಿ ಕ್ರಿಯಾಪದಕ್ಕೆ ಯಾಕೆ ಟೋಪಿ ಇಲ್ಲ?"

ನೀವು ಸ್ವಲ್ಪ ಯೋಚಿಸಿ, "ತನ್ನ ಬಗ್ಗೆ ಮಾತಾಡೋವಾಗ ಟೋಪಿ ತೆಗೀಬೇಕು, ಅದಕ್ಕೆ," ಎಂದಿರಿ. ಅದನ್ನು ಅಲ್ಲೇ ಕೂತು ಕಟ್ಟಿದ್ದು ಎಂದು ನನಗೆ ಗೊತ್ತಿತ್ತು. ನಮ್ಮ ಗಂಡಸರು ಯಾರ ಮುಂದೆಯೂ ಟೋಪಿ ತೆಗೆಯುವುದಿಲ್ಲ.

ನೀವೂ ಎರ್ಮೆಕ್ ಅಣ್ಣನೂ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಳ್ಳುವುದನ್ನು ಹಳ್ಳಿಯವರು ನಗಾಡುತ್ತಿದ್ದರು. ಇಂಗ್ಲಿಷ್ ಮಾತಾಡುವ ಒಂದು ಪ್ರಾಣಿಯನ್ನೂ ಕಾಣದೆ ನೀವು ಮೂವತ್ತನಾಲ್ಕು ವರ್ಷ ಅದನ್ನು ಕಲಿಸಿದಿರಿ, ಬರೆದರೆ ಉತ್ತರ ಕೊಡುವವನು ಇಡೀ ಕಣಿವೆಯಲ್ಲಿ ಮಗನೊಬ್ಬನೇ. ಅವನು ಸೈಬೀರಿಯಾದ ಮರದ ಕೆಲಸಕ್ಕೆ ಹೊರಟಾಗ ನೀವು ಹಾಕಿದ ಷರತ್ತು ಎಲ್ಲರಿಗೂ ಗೊತ್ತು: ತಿಂಗಳಿಗೊಂದು ಕಾಗದ, ಇಂಗ್ಲಿಷಿನಲ್ಲಿ. ನೀವು ಕೆಂಪು ಪೆನ್ನಿನಲ್ಲಿ ತಿದ್ದಿ, ಉತ್ತರದ ಜೊತೆ ವಾಪಸು ಕಳಿಸುತ್ತಿದ್ದಿರಿ. ಅದರಲ್ಲಿ ಒಂದು ಲಾಭವೂ ಇತ್ತು. ನಮ್ಮಲ್ಲಿ ಕಾಗದ ಬಂದರೆ ಮೊದಲು ಓದುವವನು ಗಾಡಿ ಓಡಿಸುವ ಸಾತಾರ್, ಆಮೇಲೆ ಅಂಗಡಿಯವಳು, ಕೊನೆಗೆ ಯಾರ ಹೆಸರಿಗೆ ಬಂದಿದೆಯೋ ಅವರು. "ನಿಮ್ದೊಂದು ಕಾಗದ ಮಾತ್ರ ಓದೋಕೆ ಬರಲ್ಲ ಎಜೆ, ಬಿಷ್ಕೆಕ್‌ನಿಂದ ಇಲ್ಲಿವರೆಗೂ ಬೇಜಾರು," ಎಂದು ಸಾತಾರ್ ದೂರುತ್ತಿದ್ದ. ತಿದ್ದಿದ್ದನ್ನು ನೋಡಿಕೊಂಡು ಮಗ ಹಿಂದಕ್ಕೆ ಕಳಿಸಿದ ಹಳೆಯ ಕಾಗದಗಳನ್ನು ನೀವು ನನಗೆ ಅಭ್ಯಾಸಕ್ಕೆ ಕೊಡುತ್ತಿದ್ದಿರಿ. ಹಾಗೇ ನನಗೆ ಎರ್ಮೆಕ್ ಅಣ್ಣನ ಅಕ್ಷರ ತಿಳಿದದ್ದು.

ಕಳೆದ ವರ್ಷ ಮಾರ್ಚಿನಲ್ಲಿ, ನೊರೂಜ್ ಹಬ್ಬದ ದಿನ, ಮೇಲಿನ ಬೀದಿಯಲ್ಲಿ ಕಡಾಯಿಗಳಲ್ಲಿ ಮೊಳಕೆ ಗೋಧಿಯ ಪಾಯಸ ಕುದಿಯುತ್ತಿದ್ದಾಗ, ಪಕ್ಕದ ಹಳ್ಳಿಯ ಕುಬಾತ್ ಬಂದ. ಎರ್ಮೆಕ್ ಅಣ್ಣನ ಜೊತೆ ಕೆಲಸ ಮಾಡುತ್ತಿದ್ದವನು. ಅವನು ನಿಮ್ಮ ಬಾಗಿಲಿಗೆ ಬರಲಿಲ್ಲ. ಕಪ್ಪು ಸುದ್ದಿಯನ್ನು ಹುಡುಗರು ಹೇಳುವ ಹಾಗಿಲ್ಲ, ಹಿರಿಯರ ಕೈಗೆ ಕೊಡಬೇಕು. ನಿಮ್ಮ ಗಂಡನ ಅಣ್ಣ ಶಾರ್ಷೆನ್ ತಾತನ ಮನೆಗೆ ಹೋದ.

ಎರಡು ದಿನದ ಮೇಲೆ ನನ್ನನ್ನು ಕರೆಸಿದರು. ಒಳಗೆ ನಾಲ್ವರು ಮುದುಕರು, ಬಾಗಿಲ ಹತ್ತಿರ ನನ್ನ ಅಪ್ಪ. ಚಹಾ ಆರಿ ಕೆನೆಗಟ್ಟಿತ್ತು. ಶಾರ್ಷೆನ್ ತಾತ ಹೇಳಿದ:

"ಹೆಣ ಇಲ್ಲ. ಹೆಣ ಇಲ್ದೆ ಮನೆ ಮುಂದೆ ಸಾವಿನ ಗುಡಾರ ಹೊಡೆಯೋದು ಹೆಂಗೆ? ನದಿ ಹಿಮ ಕರಗ್ಲಿ. ಸಿಕ್ಕಿದ್ರೆ ತರ್ಸೋಣ, ಆಗ ಹೇಳೋಣ. ಅಲ್ಲಿವರೆಗೆ ಅವಳಿಗೆ ಕಾಗದ ಬರ್ತಾ ಇರ್ಬೇಕು. ಅವಳ ಎದೆ ಈಗಾಗ್ಲೇ ಎರಡು ಸಲ ಕೈಕೊಟ್ಟಿದೆ."

"ನಾ ಸುಳ್ಳು ಬರೆಯಲ್ಲ," ಎಂದೆ.

ಅಪ್ಪ ಬಾಗಿಲ ಬಳಿಯಿಂದ ಕೆಮ್ಮಿದ. ಶಾರ್ಷೆನ್ ತಾತ ಸಿಟ್ಟಾಗಲಿಲ್ಲ. ನಿಧಾನವಾಗಿ ಕೇಳಿದ:

"ನಿನ್ನ ಸತ್ಯ ಒಂದ್ಸಲ ಅವಳ ಪದಕ ತಿಂದಾಯ್ತು. ಈ ಸಲ ಅವಳನ್ನೇ ತಿನ್ಲಿ ಅಂತೀಯಾ?"

ಎಜೆ, ಆ ಮಾತಿಗೆ ಸೋತು, ಹಿಮ ಕರಗುವವರೆಗೆ ಮಾತ್ರ ಎಂದು ಒಪ್ಪಿಕೊಂಡೆ. ಹಿಮ ಕರಗಿತು, ಯಾರೂ ಸಿಗಲಿಲ್ಲ. ಹುಲ್ಲು ಕೊಯ್ಲು ಮುಗಿಯಲಿ ಎಂದರು. ಆಮೇಲೆ ಚಳಿಗಾಲದಲ್ಲಿ ಡಾಕ್ಟರು ಬರಲು ದಾರಿ ಇರುವುದಿಲ್ಲ, ವಸಂತ ಬರಲಿ ಎಂದರು. ಆಮೇಲೆ, ಹೇಗೂ ವರ್ಷ ತುಂಬುತ್ತದಲ್ಲ, ವರ್ಷದ ಊಟಕ್ಕೇ ಹೇಳಿಬಿಡೋಣ ಎಂದರು.

ನಾನು ಬರೆದೆ. ಅವನಿಗೆ ಹೊಸ ಬೂಟು ಕೊಡಿಸಿದೆ. ಸ್ಲಾವಾ ಎಂಬ ಗೆಳೆಯನನ್ನು ಹುಟ್ಟಿಸಿ ಅವನ ಕೈಗೆ ಅಕಾರ್ಡಿಯನ್ ಕೊಟ್ಟೆ. ಜುಲೈಯಲ್ಲಿ ಅವನಿಗೆ ಜ್ವರ ಬರಿಸಿ ಆಗಸ್ಟಿನಲ್ಲಿ ವಾಸಿಮಾಡಿದೆ. ತನ್ನ ಬಗ್ಗೆ ಬರೆಯುವಾಗ ಟೋಪಿಯ ಚಿಂತೆ ಇಲ್ಲವಲ್ಲ, ಆದ್ದರಿಂದ ಅವನನ್ನು ಆದಷ್ಟು ಒಂಟಿಯಾಗಿ ಇಟ್ಟೆ. ಆದರೂ ಗೆಳೆಯರು, ಲಾರಿಗಳು, ನಾಯಿಗಳು ನುಗ್ಗಿಬಿಡುತ್ತಿದ್ದವು.

ನೀವು ಅಂಚೆಗೆಂದು ಕೊಟ್ಟದ್ದನ್ನು ಸಾತಾರ್ ನನಗೇ ತಂದುಕೊಡುತ್ತಿದ್ದ. ಮೊದಲನೆಯ ಕಾಗದ ವಾಪಸು ಬಂದಾಗ ಅದರಲ್ಲಿ ಏಳು ಕೆಂಪು ಸುತ್ತು. ಎರ್ಮೆಕ್ ಅಣ್ಣನಿಗೆ ಎಂದೂ ಎರಡು ಮೂರಕ್ಕಿಂತ ಹೆಚ್ಚು ಬಿದ್ದದ್ದಿಲ್ಲ. ಕೆಳಗೆ ನೀವು ಬರೆದಿದ್ದಿರಿ: ನನ್ನ ಮಗನೇ, ನಿನಗೆ ನಿದ್ದೆ ಸಾಲುತ್ತಿಲ್ಲವೇ? ಎರಡನೆಯದರಲ್ಲಿ ಐದು ಸುತ್ತು. ಮೂರನೆಯದು ಜೂನ್‌ನಲ್ಲಿ ವಾಪಸು ಬಂತು. ಒಂದೂ ಇಲ್ಲ.

ಹುಚ್ಚಿ ನಾನು, ಸರಿಯಾಗಿ ಬರೆದೆ ಎಂದು ಕುಣಿದೆ.

ಅಂದಿನಿಂದ ಕೆಂಪು ಬರಲೇ ಇಲ್ಲ. ನಿಮ್ಮ ಉತ್ತರಗಳೂ ಬೇರೆಯಾದವು. 'ನನ್ನ ಮಗನೇ' ಎಂದು ಶುರುವಾಗುತ್ತಿದ್ದದ್ದು 'ನನ್ನ ಮಗುವೇ' ಆಯಿತು. ಹೊಗೆ ತುಂಬಿದ ಕೋಣೆಯಲ್ಲಿ ಕೂತು ಬರೆಯಬೇಡ, ಕಣ್ಣು ಕೆಡುತ್ತದೆ ಎಂದು ಬರೆದಿರಿ. ತಂದೆಯ ಏಟನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆದಿರಿ, ಎರ್ಮೆಕ್ ಅಣ್ಣನ ತಂದೆ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಅಕ್ಟೋಬರಿನಲ್ಲಿ ಬರೆದಿರಿ: ಹಳೆಯ ಹೆಡ್‌ಮಾಸ್ತರು ನಿವೃತ್ತರಾದರು, ಶಾಲೆ ಮುಗಿಸು, ಬಿಷ್ಕೆಕ್‌ನಲ್ಲಿ ಕೆಲಸ ಮಾಡುವವರಿಗೂ ಸಂಜೆ ಶಾಲೆ ಇದೆ.

ಇಪ್ಪತ್ತೇಳು ವರ್ಷದ ಮಗನಿಗೆ ಶಾಲೆ ಮುಗಿಸು ಎನ್ನುತ್ತಾರಲ್ಲ ಎಂದು ನನಗೆ ಭಯವಾಯಿತು. ಎದೆಯ ಔಷಧಿ ತಲೆಗೆ ಏರಿದೆ ಎಂದುಕೊಂಡು ಶಾರ್ಷೆನ್ ತಾತನಿಗೆ ಹೇಳಿದೆ. ಆತ ಗಡ್ಡ ನೇವರಿಸಿ, "ಪಾಪ, ಬುದ್ಧಿ ಸಡಿಲ ಆಗ್ತಿದೆ. ಈಗ ಹೇಳಿದ್ರೆ ಉಳಿಯಲ್ಲ. ಇನ್ನೂ ತಡೀರಿ," ಎಂದ. ನೀವು ನನ್ನ ಮೇಲೆ ತೋರಿಸಿದ ಕರುಣೆಯೇ ನಿಮಗೆ ಇನ್ನೂ ಆರು ತಿಂಗಳ ಮೌನ ತಂದಿತು. ಆ ಮಾತನ್ನು ಆತನಿಗೆ ಮುಟ್ಟಿಸಿದವಳು ನಾನು.

ಕಣ್ಣ ಮುಂದೆ ಇನ್ನೂ ಎಷ್ಟೋ ಇತ್ತು. ಗುರುವಾರ ಗುರುವಾರ ನೀವು ಎಣ್ಣೆ ಕಾಯಿಸಿ ಹಿಟ್ಟಿನ ಬೊರ್ಸೊಕ್ ಕರಿಯುತ್ತಿದ್ದಿರಿ. ಸತ್ತವರಿಗೆ ವಾಸನೆ ಮುಟ್ಟಲಿ ಎಂದು ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ, ನಿಮ್ಮ ಗಂಡನಿಗಾಗಿ ಎಂದು ನನಗೆ ಮೊದಲಿಂದ ಗೊತ್ತು. ಕಿಟಕಿಯ ಮೇಲೆ ಒಂದು ತಟ್ಟೆ ಇರುತ್ತಿತ್ತು. ಕಳೆದ ಬೇಸಿಗೆಯಿಂದ ಎರಡು ತಟ್ಟೆ. ಪಾಠ ಮುಗಿದ ಮೇಲೆ ಎರಡನೆಯ ತಟ್ಟೆಯನ್ನು ನನ್ನ ಮುಂದೆ ಸರಿಸುತ್ತಿದ್ದಿರಿ. ತಿನ್ನು ಮಗಳೇ, ಬಿಸಿ ಇದೆ ಎನ್ನುತ್ತಿದ್ದಿರಿ. ಇಡೀ ವರ್ಷ ಕುಟುಕುಟು ತಿಂದೆ, ಬೆರಳಿಗಂಟಿದ ಎಣ್ಣೆಯನ್ನೂ ಬಿಡದೆ. ಆ ತಿಂಗಳ ಕಾಗದದಲ್ಲಿ ಎಲ್ಲಿ ತಪ್ಪಿದ್ದೆನೋ ಅಂಥದೇ ವಾಕ್ಯಗಳನ್ನು ಗುರುವಾರದ ಪಾಠದಲ್ಲಿ ಕೊಡುತ್ತಿದ್ದಿರಿ. ನನ್ನ ತಪ್ಪು ಇರುವುದೇ ಒಂದು, ಬೇರೇನು ಕೊಟ್ಟಾರು ಎಂದುಕೊಂಡೆ.

ಈ ಭಾನುವಾರ ಹನ್ನೆರಡನೆಯ ಕಾಗದ ಜೇಬಿನಲ್ಲಿಟ್ಟುಕೊಂಡು ಬಂದೆ. ಸಾತಾರ್ ತಂದುಕೊಟ್ಟ ಎಂದೆ. ನೀವು ಉಣ್ಣೆ ಬಿಡಿಸುತ್ತಾ ಕೂತಿದ್ದಿರಿ.

"ನೀನೇ ಓದು. ಕನ್ನಡಕ ಎಲ್ಲಿಟ್ಟೆನೋ."

ಕನ್ನಡಕ ನಿಮ್ಮ ತಲೆಯ ಮೇಲಿತ್ತು. ಓದಿದೆ. ಸ್ಲಾವಾ ಪ್ರತಿದಿನ ಸಂಜೆ ಹಾಡುತ್ತಾನೆ ಎಂಬಲ್ಲಿ ನೀವು ತಲೆಯೆತ್ತದೆ, "ಟೋಪಿ," ಎಂದಿರಿ. ತಿದ್ದಿ ಓದಿದೆ. ಮುಂದಿನ ಸಾಲು ಮುಗಿಯುವ ಮೊದಲು ನೀವು ಉಣ್ಣೆ ಕೆಳಗಿಟ್ಟು ಕಿಟಕಿಯ ಕಡೆ ನೋಡಿದಿರಿ.

"ಬೂದು ಕುದುರೆ ಬಾಲ ಎಷ್ಟು ಬೆಳ್ದಿದೆ ನೋಡಿದ್ಯಾ ಬುರುಲ್?"

ನಾನು ಕಾಗದ ಮಡಚಿದೆ.

"ಹೋದ ಮೇ ತಿಂಗಳು ಹೊಳೆ ಹತ್ರ ನೋಡ್ದಾಗ ಇಷ್ಟಿತ್ತು." ನಾಲ್ಕು ಬೆರಳು ಜೋಡಿಸಿ ತೋರಿಸಿದಿರಿ. "ಈಗ ಒಂದು ಗೇಣಾಗಿದೆ."

ಸತ್ತವನ ಕುದುರೆಯ ಬಾಲವನ್ನಲ್ಲದೆ ನಾವು ಇನ್ನಾವ ಕುದುರೆಯ ಬಾಲವನ್ನೂ ಹಾಗೆ ಕತ್ತರಿಸುವುದಿಲ್ಲ. ನೊರೂಜ್ ಮುಗಿದ ವಾರವೇ ಶಾರ್ಷೆನ್ ತಾತ ತನ್ನ ಹುಲ್ಲಿನ ಬಣವೆಯ ಹಿಂದೆ ಎರ್ಮೆಕ್ ಅಣ್ಣನ ಕುದುರೆಗೆ ಅದನ್ನು ಮಾಡಿದ್ದ. ಹಳ್ಳಿಗೆಲ್ಲ ಬಾಯಿ ಮುಚ್ಚಿಕೊಳ್ಳಿ ಎಂದವನು, ಹಿರಿಯರ ಪದ್ಧತಿ ಬಿಟ್ಟರೆ ಸತ್ತವನಿಗೆ ಅವಮಾನ ಎಂದು ಕತ್ತರಿ ಹಿಡಿದ. ಕುದುರೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೆ ಆಯಿತು ಎಂದುಕೊಂಡ. ಕುದುರೆಗೆ ಬಾಯಾರಿಕೆ ಆಗುತ್ತದೆ ಎಂಬುದು ಆ ನಾಲ್ಕೂ ಗಡ್ಡಗಳಿಗೆ ಹೊಳೆಯಲಿಲ್ಲ.

"ಅದು ಮರಿಯಾಗಿದ್ದಾಗ ತಾಯಿ ಸತ್ತಿತ್ತು," ಎಂದಿರಿ. "ಬಾಟ್ಲಿ ಹಾಲು ಕುಡ್ಸಿದ್ದು ನಾನು. ಹಿಂದುಗಡೆಯಿಂದ ನೋಡಿದ್ರೂ ಗುರ್ತು ಸಿಗುತ್ತೆ."

ಆಮೇಲೆ ನೀವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ಕೇಳೋಣ ಅಂತ ಎಷ್ಟೋ ಸಲ ಅಂದ್ಕೊಂಡೆ. ಕೇಳಿದ್ರೆ ನಿಮ್ಮೆಲ್ರ ಕೈಲೂ ಇನ್ನೊಂದು ಸುಳ್ಳು ಹೇಳ್ಸಿದ ಹಾಗೆ. ಕುದುರೆ ಬಾಯಿಬಿಟ್ಟು ಹೇಳಲ್ಲ ಮಗಳೇ. ಮನುಷ್ಯರು ಯಾರೂ ಹೇಳ್ದೆ ತಾಯಿ ಅತ್ರೆ, ಬದುಕಿರೋ ಮಗನ್ನ ಅತ್ತು ಕೊಂದ ಹಾಗೆ. ಅದಕ್ಕೆ ಅಳ್ಲಿಲ್ಲ. ಒಂದು ವರ್ಷ ಆಯ್ತು. ಇಷ್ಟು ದೊಡ್ಡ ಹಳ್ಳೀಲಿ ನಂಗೆ ಒಂದು ವಾಕ್ಯ ಹೇಳೋರಿಲ್ವಾ? ಇನ್‌ಸ್ಪೆಕ್ಟರ ಮುಂದೆ ಎದ್ದು ನಿಂತೋಳು ನೀನಲ್ವಾ?"

ನಾನು ಓಡಿದೆ.

ಮೂರು ದಿನದಿಂದ ಆ ವಾಕ್ಯವನ್ನು ಬರೆದು ಬರೆದು ಹರಿದಿದ್ದೇನೆ. ಶಾರ್ಷೆನ್ ತಾತ ಶನಿವಾರಕ್ಕೆಂದು ಪದ್ಯ ಕಟ್ಟಿಕೊಂಡು ಬಾಯಿಪಾಠ ಮಾಡುತ್ತಿದ್ದಾನೆ. ಗಿಡುಗ ಕೈಬಿಟ್ಟು ಹಾರಿತು, ಕೆರೆಯ ನೀರು ಬತ್ತಿತು, ಹಾರಿದ ಗಿಡುಗಕ್ಕೆ ಯಾರನ್ನು ದೂರೋಣ ಎಂದು. ಹಿಂದಿನಿಂದ ಹಾಗೇ ಹೇಳುತ್ತಾ ಬಂದಿದ್ದಾರೆ, ಚೆನ್ನಾಗಿಯೇ ಇದೆ. ನನಗೆ ಬರುವುದಿಲ್ಲ. ನನ್ನ ಕೈಯಲ್ಲಿ ಗಿಡುಗ ಸುಳ್ಳಾಗಿಬಿಡುತ್ತದೆ. ನನಗೆ ಗೊತ್ತಿರುವ ಹಾಗೆ ಹೇಳುತ್ತೇನೆ.

ಎಜೆ, ನಿಮ್ಮ ಮಗ ಎರ್ಮೆಕ್ ಸತ್ತಿದ್ದಾನೆ.

ಕಳೆದ ವರ್ಷ ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಮರದ ದಿಮ್ಮಿ ತುಂಬಿದ ಲಾರಿಯನ್ನು ಹೆಪ್ಪುಗಟ್ಟಿದ ನದಿಯ ಮೇಲೆ ದಾಟಿಸುತ್ತಿದ್ದ. ಮುಂದೆ ಹೋದ ಎರಡು ಲಾರಿಗಳು ದಾಟಿದವು. ಮೂರನೆಯದು ಅವನದು. ನಡುವೆ ಹಿಮ ಒಡೆಯಿತು. ಕುಬಾತ್ ದಡದಲ್ಲಿದ್ದ. ಬಾಗಿಲು ತೆರೆದುಕೊಂಡದ್ದು ಕಂಡಿತಂತೆ, ಅವನು ಹೊರಗೆ ಬಂದದ್ದು ಕಾಣಲಿಲ್ಲವಂತೆ. ಹಗ್ಗ ತಂದರು, ಮುಳುಗಿ ನೋಡುವವರು ಎರಡು ದಿನ ಹುಡುಕಿದರು. ಮೇ ತಿಂಗಳಲ್ಲಿ ಲಾರಿಯನ್ನು ಎತ್ತಿದರು. ಅವನು ಅದರಲ್ಲಿ ಇರಲಿಲ್ಲ. ಅವನಿಗೆ ಗೋರಿ ಇಲ್ಲ. ನನಗೆ ಗೊತ್ತಿರುವುದು ಇಷ್ಟು, ಇದರಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ, ಏನನ್ನೂ ಸೇರಿಸಿಲ್ಲ.

ಈಗ ನಿಮಗೆ ಹೇಳಿದ್ದಾಯಿತು. ಹೇಳಿದವಳು ಹಿರಿಯಳಲ್ಲ, ಗಂಡಸಲ್ಲ, ಪದ್ಯದಲ್ಲಿ ಹೇಳಲಿಲ್ಲ. ಆದರೂ ಮನುಷ್ಯರಲ್ಲಿ ಒಬ್ಬಳು ಹೇಳಿದಳು. ಇನ್ನು ನೀವು ಅಳಬಹುದು.

ಶನಿವಾರ ನಿಮ್ಮ ಅಂಗಳದಲ್ಲಿ ಗುಡಾರ ಹೊಡೆಯುತ್ತಾರೆ. ಐದು ಹಳ್ಳಿಗೆ ಕರೆ ಹೋಗಿದೆ. ನಿಮಗೆ ಮಾತ್ರ ಗಂಡನ ಹೆಸರಿನ ಊಟ ಎಂದು ಹೇಳಿದ್ದಾರೆ. ಶಾರ್ಷೆನ್ ತಾತ ಪದ್ಯ ಹೇಳುವಾಗ ನಿಮ್ಮ ಎರಡು ಪಕ್ಕದಲ್ಲಿ ಹಿಡಿದುಕೊಳ್ಳಲು ಇಬ್ಬರು ಹೆಂಗಸರನ್ನು ಗೊತ್ತು ಮಾಡಿದ್ದಾರೆ, ಅವರಲ್ಲಿ ಒಬ್ಬಳು ನನ್ನ ಅಮ್ಮ. ಬೂದು ಕುದುರೆಯನ್ನು ಶುಕ್ರವಾರ ಸಂಜೆ ಕಡಿಯುತ್ತಾರೆ. ಅದಕ್ಕೆ ಮೊದಲು ಅದನ್ನು ನೋಡಬೇಕು ಅನ್ನಿಸಿದರೆ ಶಾರ್ಷೆನ್ ತಾತನ ಬಣವೆಯ ಹಿಂದೆ ಕಟ್ಟಿದೆ. ನೀವು ಶನಿವಾರ ಅವರ ಮುಂದೆ ಹೊಸದಾಗಿ ಕೇಳಿದವರ ಹಾಗೆ ಬೀಳುತ್ತೀರೋ, ಇಲ್ಲ ನನಗೆ ಗೊತ್ತು ಎಂದು ಹೇಳುತ್ತೀರೋ, ಅದು ನಿಮ್ಮ ಇಷ್ಟ. ಹೇಳಿದ್ದು ಯಾರು ಎಂದು ಕೇಳಿದರೆ ನನ್ನ ಹೆಸರು ಹೇಳಿ. ಅಪ್ಪನಿಗೆ ಅವಮಾನವಾಗುತ್ತದೆ. ಆಗಲಿ.

ಬಿಷ್ಕೆಕ್‌ನಲ್ಲಿ ಚಿಕ್ಕಮ್ಮ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಾಳೆ, ಅಲ್ಲಿ ನನಗೊಂದು ಮಿಷನ್ ಖಾಲಿ ಇದೆಯಂತೆ. ಆ ಬೀದಿಯ ಕೊನೆಗೇ ಸಂಜೆ ಶಾಲೆ ಎಂದೂ ಹೇಳಿದಳು. ಶಾಲೆಗೆ ಹೋಗುತ್ತೇನೆ ಎಂದು ನಿಮಗೆ ಮಾತು ಕೊಡುವುದಿಲ್ಲ. ಹನ್ನೆರಡು ತಾಸು ಹೊಲಿದ ಮೇಲೆ ಏನು ಉಳಿಯುತ್ತದೋ ನೋಡಬೇಕು. ನಿಮಗೆ ಇನ್ನೊಂದು ಸುಳ್ಳು ಬರೆಯಲಾರೆ.

ಈ ಕಾಗದವನ್ನು ಸಂಜೆ ನೀವು ಹಸುವಿಗೆ ಹುಲ್ಲು ಹಾಕಲು ಹೋದಾಗ ಕಿಟಕಿಯ ಮೇಲೆ, ಎರಡನೆಯ ತಟ್ಟೆ ಇಡುವ ಜಾಗದಲ್ಲಿ ಇಟ್ಟುಬರುತ್ತೇನೆ. ನಿಮ್ಮ ಮುಖ ನೋಡುವ ಧೈರ್ಯ ನನಗಿಲ್ಲ. ಇನ್‌ಸ್ಪೆಕ್ಟರ ಮುಂದೆ ಎದ್ದು ನಿಲ್ಲುವುದು ಸುಲಭವಿತ್ತು ಎಜೆ. ಆತ ಯಾರೋ.

ನಿಮ್ಮ ಉಪ್ಪು ತಿಂದ, ನಿಮ್ಮ ಮಗನ ತಟ್ಟೆಯಲ್ಲಿ ತಿಂದ,
ಬುರುಲ್

ಮರುಬರಹ: ಸಹಿ ಹಾಕಿ ಮಡಚಿದ್ದೆ, ಮತ್ತೆ ಬಿಚ್ಚಿದೆ. ಏನನ್ನೂ ಮುಚ್ಚಿಟ್ಟಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ನಿಜವಲ್ಲ.

ಇದರ ಜೊತೆ ಇನ್ನೊಂದು ಕಾಗದವಿದೆ. ಅದು ಎರ್ಮೆಕ್ ಅಣ್ಣನದು, ಅವನೇ ಬರೆದದ್ದು, ಮಾರ್ಚ್ ಎಂಟನೆಯ ತಾರೀಕಿನದು. ಅವನು ಹೋಗಿ ಮೂರು ವಾರದ ಮೇಲೆ ಸಾತಾರನ ಗಾಡಿಯಲ್ಲಿ ಬಂತು. ಶಾರ್ಷೆನ್ ತಾತ ಅದನ್ನು ನನ್ನ ಕೈಗೆ ಕೊಟ್ಟು, ಇದನ್ನು ನೋಡಿಕೊಂಡು ಅಕ್ಷರ ಬರಿ, ಆಮೇಲೆ ಸುಟ್ಟುಬಿಡು ಎಂದ. ಸುಡಲಿಲ್ಲ, ನಿಮಗೆ ಕೊಡಲೂ ಇಲ್ಲ.

ಮೊದಲ ಪುಟ ಇಂಗ್ಲಿಷಿನಲ್ಲಿದೆ. ಎರಡನೆಯ ಪುಟದ ನಡುವೆ ಅವನು ನಮ್ಮ ಮಾತಿಗೆ ತಿರುಗಿದ್ದಾನೆ: "ಅಮ್ಮಾ, ಇನ್ಮೇಲೆ ಕಿರ್ಗಿಜ್‌ನಲ್ಲೇ ಬರೀಲಾ? ಇಲ್ಲಿ ಸಂಜೆ ಆಗೋ ಹೊತ್ತಿಗೆ ತುಂಬಾ ಸುಸ್ತಾಗಿರುತ್ತೆ. ಪದ ಹುಡುಕ್ತಾ ಕೂತ್ರೆ ಹೇಳ್ಬೇಕಾದ್ದೇ ಮರ್ತುಹೋಗುತ್ತೆ. ನಿಂಗೆ ಬೇಜಾರಾದ್ರೆ ಬೇಡ." ಅವನು ನಿಮ್ಮನ್ನು ಕೇಳಿದ ಕೊನೆಯ ಪ್ರಶ್ನೆ ಅದು. ಅದಾದ ಮೇಲೆ ಅವನ ಹೆಸರಿನಲ್ಲಿ ಹನ್ನೊಂದು ಸಲ ಇಂಗ್ಲಿಷಿನಲ್ಲಿ ಬರೆದೆ.

ಯಾಕೆ ಕೊಡಲಿಲ್ಲ ಎಂದರೆ, ನೀವು ಓದಿದ್ದರೆ ಹೂಂ ಎನ್ನುತ್ತಿದ್ದಿರಿ. ಕಿರ್ಗಿಜ್‌ನಲ್ಲಾದರೆ ಆ ನಾಲ್ವರಲ್ಲಿ ಯಾರು ಬೇಕಾದರೂ ಬರೆಯುತ್ತಿದ್ದರು, ನಾನು ಬೇಕಾಗುತ್ತಿರಲಿಲ್ಲ. ಮೊದಲು ನಿಮ್ಮ ಎದೆಗೆ ಹೆದರಿ ಬರೆದೆ, ಅದು ನಿಜ. ಜೂನ್ ಆದ ಮೇಲೆ ಉತ್ತರಕ್ಕಾಗಿ ಬರೆದೆ. ನನ್ನನ್ನು ಯಾರೂ 'ನನ್ನ ಮಗುವೇ' ಎಂದು ಕರೆದಿರಲಿಲ್ಲ. ಅದು ನನಗಲ್ಲ, ಸತ್ತವನಿಗೆ ಎಂದು ಆಗ ನಂಬಿದ್ದೂ ಇಟ್ಟುಕೊಂಡೆ.

ಅವನ ಕಾಗದದಲ್ಲಿ ಮೂರು ತಪ್ಪುಗಳಿವೆ. ನಾನು ಮುಟ್ಟಿಲ್ಲ.

ನಾಳೆ ಬೆಳಿಗ್ಗೆ ಆರಕ್ಕೆ ಸಾತಾರನ ಗಾಡಿಯಲ್ಲಿ ಬಿಷ್ಕೆಕ್‌ಗೆ ಹೋಗುತ್ತೇನೆ.